ಬೇಸ್ ಗಿಟಾರಿನ ತಂತಿ ಬಿಗಿ ಎನಿಸುವುದೇಕೆ? ದುರಸ್ತಿಗಾರರೊಡನೆ ಪ್ರಶ್ನೋತ್ತರ

ಮೈಸೂರಿನ ಸದಸ್ಯ: ನಮಸ್ಕಾರ ಸರ್. ನಾಲ್ಕು ತಂತಿಯ ಬೇಸ್ ನುಡಿಸುವಾಗ ಬೆರಳು ಬಹಳ ನೋಯುತ್ತದೆ. ಸೆಟಪ್ (ತಂತಿಯ ಎತ್ತರ ಮುಂತಾದವುಗಳ ಹೊಂದಾಣಿಕೆ) ಮಾಡಿಸಿದರೆ ತಂತಿಯ ಬಿಗಿ ಇಳಿಯುವುದೇ?

ದುರಸ್ತಿಗಾರ: ಬಿಗಿ ಇಳಿಯುವುದಿಲ್ಲ, ಒತ್ತುವ ಶ್ರಮ ಇಳಿಯುತ್ತದೆ. ತಂತಿಯ ನುಡಿಯುವ ಉದ್ದ 34 ಇಂಚಿರುವ ಬೇಸ್‌ನಲ್ಲಿ ಅದೇ ತಂತಿಯನ್ನು ಅದೇ ಶ್ರುತಿಗೆ ಏರಿಸಿದರೆ ಎಳೆತ ಬದಲಾಗದು. ನೆಕ್ ಎಂಬ ಉದ್ದನೆಯ ಹಿಡಿಯ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್‌ಗಳು; 12ನೇ ಫ್ರೆಟ್‌ನ ಮೇಲೆ ತಂತಿ ಸುಮಾರು 2 ಮಿ.ಮೀ. ಎತ್ತರದಲ್ಲಿರಲಿ. ನೋವು ಮೊದಲ ಫ್ರೆಟ್‌ನಲ್ಲೇ ಹೆಚ್ಚಾಗಿದ್ದರೆ, ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಾದ ನಟ್‌ನ ಸೀಳುಗಳನ್ನು ಆಳ ಮಾಡಿಸಬೇಕು.

ಮಂಗಳೂರಿನ ಸದಸ್ಯ: ಮಳೆಗಾಲ ಹಿಡಿದ ಮೇಲೆ ತಂತಿಗಳು ಮೇಲೆದ್ದವು. ಯಾರೋ ಕಳುಹಿಸಿದ ವಿಡಿಯೊ ನೋಡಿ ಟ್ರಸ್ ರಾಡ್ (ನೆಕ್ಕಿನ ಒಳಗಿದ್ದು ಅದರ ಬಾಗನ್ನು ಸರಿಪಡಿಸುವ ಕಂಬಿ) ಬಿಗಿ ಮಾಡುತ್ತಾ ಹೋದೆ. ಈಗ ಕೀಲಿ ಮುಂದೆ ತಿರುಗುತ್ತಿಲ್ಲ, ಮೊದಲ ಫ್ರೆಟ್‌ಗಳಲ್ಲೆಲ್ಲ ಬಜ್ (ತಂತಿ ಫ್ರೆಟ್‌ಗೆ ತಾಗಿ ಬರುವ ಗರಗರ ಸದ್ದು). ಇನ್ನೂ ಅರ್ಧ ಸುತ್ತು ತಿರುಗಿಸಲೇ?

ದುರಸ್ತಿಗಾರ: ಖಂಡಿತ ಬೇಡ, ಕೀಲಿಯನ್ನು ಕೆಳಗಿಡಿ. ತೇವ ಕುಡಿದ ಮರವು ತಂತಿಗಳ ಎಳೆತಕ್ಕೆ ಮುಂದಕ್ಕೆ ಬಾಗಿತ್ತು; ಅದಕ್ಕೆ ಬಹುಮಟ್ಟಿಗೆ ಕಾಲು ಸುತ್ತೇ ಸಾಕಾಗುತ್ತಿತ್ತು. ನೀವು ಹೇಳುವ ಬಜ್ ನೋಡಿದರೆ ನೆಕ್ ಈಗ ಹಿಂದಕ್ಕೆ ಬಾಗಿರುವಂತಿದೆ. ದಪ್ಪ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಒಟ್ಟಿಗೆ ಒತ್ತಿ ಹಿಡಿದು 8ನೇ ಫ್ರೆಟ್‌ನ ಬಳಿ ನೋಡಿ: ಅಲ್ಲಿ 0.3 ಮಿ.ಮೀ.ಯಷ್ಟು ಸಂದು ಇರಬೇಕು, ತಂತಿ ಫ್ರೆಟ್‌ಗೆ ತಾಗಿದ್ದರೆ ನನ್ನ ಊಹೆ ಸರಿ. ಆಗ ತಂತಿಗಳನ್ನು ಶ್ರುತಿಯಲ್ಲೇ ಬಿಟ್ಟು, ಏಕೆಂದರೆ ನೆಕ್ಕನ್ನು ಮುಂದಕ್ಕೆ ಎಳೆಯುವುದು ಅವೇ, ರಾಡನ್ನು ಕಾಲು ಸುತ್ತು ಸಡಿಲಿಸಿ, ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಕೀಲಿ ಜಾರಿದರೆ ಅಲ್ಲಿಗೇ ನಿಲ್ಲಿಸಿ; ರಾಡಿನ ತುದಿಯ ತಿರುಪಿನ ಆರು ಮೂಲೆಗಳು ಸವೆದರೆ ಅಥವಾ ರಾಡ್ ಮುರಿದರೆ ನೆಕ್ಕನ್ನೇ ಬದಲಿಸಬೇಕಾಗಬಹುದು. ತಂತಿಯ ಎತ್ತರ ಹೊಂದಿಸಲು ಬ್ರಿಡ್ಜ್‌ನ (ಬಾಡಿಯ ಮೇಲೆ ತಂತಿಗಳನ್ನು ಹಿಡಿಯುವ ಭಾಗ) ಸ್ಯಾಡಲ್‌ಗಳಿವೆ, ಅಂದರೆ ಪ್ರತಿ ತಂತಿಯೂ ಕೂರುವ ಚಿಕ್ಕ ಆಸರೆಗಳಿವೆ, ರಾಡ್ ಅದಕ್ಕಾಗಿ ಇಲ್ಲ.



ಹುಬ್ಬಳ್ಳಿಯ ಸದಸ್ಯ: ತಂತಿಗೆ ಕೊಬ್ಬರಿ ಎಣ್ಣೆ ಸವರಿದರೆ ಮೃದುವಾಗುತ್ತದೆ ಎಂದು ಒಂದು ಸಂದೇಶ ಬಂದಿದೆ, ಎಲ್ಲರಿಗೂ ಉಪಯೋಗವಾಗಲಿ.

ದುರಸ್ತಿಗಾರ: ದಯವಿಟ್ಟು ಇಂಥ ಸಂದೇಶಗಳನ್ನು ಇಲ್ಲಿ ಹಂಚಬೇಡಿ. ಎಣ್ಣೆ ಸುರುಳಿಗಳ ನಡುವೆ ಇಳಿದು, ಧೂಳು ಹಿಡಿದು, ನಾದವೇ ಮಂಕಾಗುತ್ತದೆ.

ಹುಬ್ಬಳ್ಳಿಯ ಸದಸ್ಯ: ಇರಲಿ. ಆದರೆ ತಂತಿಯನ್ನು ಬಾಡಿಯ ಹಿಂಬದಿಯಿಂದ ಪೋಣಿಸಿದರೆ ಬಿಗಿ ಹೆಚ್ಚುವುದಂತೂ ನಿಜ.

ಧಾರವಾಡದ ಸದಸ್ಯ: ನಿಜವಲ್ಲ. ನಟ್‌ನಿಂದ ಸ್ಯಾಡಲ್‌ವರೆಗಿನ ಉದ್ದವೂ ಶ್ರುತಿಯೂ ಬದಲಾಗದಿದ್ದಾಗ ಎಳೆತ ಹೇಗೆ ಹೆಚ್ಚೀತು?

ಹುಬ್ಬಳ್ಳಿಯ ಸದಸ್ಯ: ಬೆರಳಿಗೆ ತಿಳಿಯುವುದನ್ನು ಲೆಕ್ಕದಿಂದ ಅಲ್ಲಗಳೆಯಬೇಡಿ.

ಧಾರವಾಡದ ಸದಸ್ಯ: ಮೊದಲು ಎಣ್ಣೆ, ಈಗ ಇದು. ಅಳೆದು ಬಂದು ಮಾತಾಡಿ.

ತುಮಕೂರಿನ ಸದಸ್ಯ: ಸರ್, ತಂತಿ ಬಿಗಿ ಇದೆ, ಏನು ಮಾಡಲಿ?

ದುರಸ್ತಿಗಾರ: ಮೊದಲ ಉತ್ತರ ಓದಿ. ಎಳೆತವನ್ನೇ ಇಳಿಸಬೇಕೆಂದಿದ್ದರೆ 45–105ರ ಬದಲು 40–95ರ (ತೆಳು ಮತ್ತು ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ತಂತಿ ಹಾಕಿ, ನೆಕ್ ಮತ್ತೆ ಹೊಂದಿಸಿಕೊಳ್ಳಿ. ಉಳಿದವರು ವಾದವನ್ನು ಬೇರೆಡೆ ಮುಂದುವರಿಸಿ. ಮಂಗಳೂರಿನವರೇ, 8ನೇ ಫ್ರೆಟ್‌ನ ಬಳಿ ಸಂದು ಇದೆಯೇ?