ಮಾನವ ಕಳ್ಳಸಾಗಣೆ ಕುರಿತ ಜಾಗೃತಿ: ಜಾಥಾ ಬಿಟ್ಟು ಬೇರೇನು ಮಾಡಬಹುದು?

ಪ್ರಶ್ನೆ: ಶಿಕ್ಷಕಿ, ಮಾಲೂರು ತಾಲ್ಲೂಕು

ನಮಸ್ಕಾರ. ಜುಲೈ 30ರ ವಿಶ್ವ ಮಾನವ ಕಳ್ಳಸಾಗಣೆ ವಿರೋಧಿ ದಿನದಂದು ನಮ್ಮ ಪ್ರೌಢಶಾಲೆ ಮತ್ತು ಊರಿನ ಸ್ತ್ರೀಶಕ್ತಿ ಸಂಘ ಸೇರಿ ಒಂದು ಕಾರ್ಯಕ್ರಮ ನಡೆಸಬೇಕೆಂದಿದ್ದೇವೆ. ಬ್ಯಾನರ್ ಹಿಡಿದು ಜಾಥಾ ಹೊರಟು, ಅತಿಥಿಗಳ ಭಾಷಣ ಕೇಳಿ, ಉಪ್ಪಿಟ್ಟು ತಿಂದು ಚದುರುವುದು ನಮಗೆಲ್ಲ ಅಭ್ಯಾಸವಾಗಿದೆ. ಆದರೆ ಸುತ್ತಲಿನ ಇಟ್ಟಿಗೆ ಗೂಡುಗಳಿಗೆ ಸಂಸಾರಸಮೇತ ಬರುವವರಿಗಾಗಲಿ, ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಬೆಂಗಳೂರಿಗೆ ಮನೆಗೆಲಸಕ್ಕೆ ಹೊರಡುವ ನಮ್ಮದೇ ಹುಡುಗಿಯರಿಗಾಗಲಿ ಇದರಿಂದ ಏನಾದರೂ ತಿಳಿಯುತ್ತದೆಯೇ ಎಂಬ ಅನುಮಾನ ನನ್ನದು. ಮಾತನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ಕಾರ್ಮಿಕ ಇಲಾಖೆಯ ನಿವೃತ್ತ ನೌಕರ, ಚಿಕ್ಕಬಳ್ಳಾಪುರ

ಮೇಡಂ, ಮೊದಲಿಗೆ ಮಕ್ಕಳ ಕಳ್ಳರ ಗುಮ್ಮನನ್ನು ತೋರಿಸುವುದನ್ನು ಬಿಡಿ. 2018ರಲ್ಲಿ ಅಂಥದೇ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಜನ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಅಮಾಯಕರನ್ನು ಹೊಡೆದು ಕೊಂದರು.

ಕರೆದೊಯ್ಯುವವನು ಸಾಮಾನ್ಯವಾಗಿ ಅಪರಿಚಿತನಲ್ಲ; ಹೋದ ವರ್ಷ ಅದೇ ಕೆಲಸಕ್ಕೆ ಹೋಗಿ ಬಂದ ನೆಂಟನೋ ಮೇಸ್ತ್ರಿಯೋ ಆಗಿರುತ್ತಾನೆ. ಮಗಳ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದ ಹೊತ್ತಿಗೆ ಸರಿಯಾಗಿ ಬಂದು ಮುಂಗಡ ಕೊಡುತ್ತಾನೆ. ಕೆಲಸದ ಜಾಗ ತಲುಪಿದ ಮೇಲೆ ಆಧಾರ್ ಕಾರ್ಡು ಯಜಮಾನನ ಬೀರು ಸೇರುತ್ತದೆ, ವಾರದ ಬಟವಾಡೆಯ ಬದಲು ಸಂತೆ ಖರ್ಚಿಗೆಂದು ಒಂದಿಷ್ಟು ಕೈಗೆ ಬರುತ್ತದೆ, ಅದನ್ನೂ ಸಾಲದ ಪುಸ್ತಕದಲ್ಲೇ ಬರೆದುಕೊಳ್ಳುತ್ತಾರೆ. ಆ ಪುಸ್ತಕವನ್ನು ದುಡಿಯುವವರಿಗೆ ತೋರಿಸುವುದಿಲ್ಲ. ಸಭೆಯಲ್ಲಿ ಈ ಪುಸ್ತಕದಿಂದಲೇ ಆರಂಭಿಸಿ. ಕಳ್ಳಸಾಗಣೆ ಎಂದರೆ ಇಣುಕಿ ನೋಡಿ ಹೋಗುವವರೂ ಮುಂಗಡದ ಲೆಕ್ಕ ಎಂದರೆ ಕೂತು ಕೇಳುತ್ತಾರೆ.

ಉತ್ತರ: ವಕೀಲೆ, ಕೋಲಾರ

ಹಿರಿಯರ ಮಾತಿಗೆ ಕಾನೂನಿನ ಬೆಂಬಲವಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತದ ಸಾಲವನ್ನು ತೀರಿಸಬೇಕಾಗಿಯೇ ಇಲ್ಲ, ಅದು ರದ್ದಾಗಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. "ಅವರಾಗಿಯೇ ಒಪ್ಪಿ ಬಂದಿದ್ದಾರೆ" ಎಂಬ ಯಜಮಾನರ ಮಾಮೂಲಿ ಉತ್ತರಕ್ಕೂ ಬೆಲೆಯಿಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಡಿ, ಶೋಷಣೆಗಾಗಿ ಮೋಸದಿಂದಲೋ ಬೆದರಿಕೆಯಿಂದಲೋ ಕರೆತಂದಿದ್ದರೆ ಬಲಿಪಶುವಿನ ಒಪ್ಪಿಗೆ ಗಣನೆಗೆ ಬರುವುದಿಲ್ಲ. ಶಿಕ್ಷೆ ಕನಿಷ್ಠ 7 ವರ್ಷ. ಮಗುವನ್ನು ಸಾಗಿಸಿದ್ದರೆ ಕನಿಷ್ಠ 10 ವರ್ಷ.

ದೂರು ಕೊಡಲು ಹೋದವರನ್ನು "ಇದು ನಮ್ಮ ಠಾಣೆಯ ವ್ಯಾಪ್ತಿಯಲ್ಲ" ಎಂದು ವಾಪಸು ಕಳಿಸುವಂತಿಲ್ಲ, ಶೂನ್ಯ ಎಫ್‌ಐಆರ್ ದಾಖಲಿಸಲೇಬೇಕು. ಜೀತದಿಂದ ಬಿಡಿಸಿದವರಿಗೆ ಬಿಡುಗಡೆ ಪತ್ರ ಸಿಗುವಂತೆ ನೋಡಿಕೊಳ್ಳಿ. ಪುನರ್ವಸತಿಯ ನೆರವು ಬಹುಪಾಲು ಆ ಕಾಗದದ ಮೇಲೆಯೇ ನಿಂತಿದೆ. ಇಂಥವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ.

ಉತ್ತರ: ಆಶಾ ಕಾರ್ಯಕರ್ತೆ, ಪಾವಗಡ ತಾಲ್ಲೂಕು

ಕಲಮುಗಳನ್ನು ವಕೀಲರೇ ಹೇಳಲಿ ಮೇಡಂ, ಹುಡುಗಿಯರಿಗೆ ನೀವು "ಹೋಗಬೇಡಿ" ಎಂದು ಮಾತ್ರ ಹೇಳಬೇಡಿ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಹೋಗದೆ ಗತಿಯಿಲ್ಲ. ಹೋಗುವ ಮನೆಯ ವಿಳಾಸ, ಕರೆದೊಯ್ಯುವವರ ಫೋಟೊ ಮತ್ತು ಫೋನ್ ನಂಬರ್ ತಾಯಿಯ ಬಳಿಯೂ ಸಂಘದ ಪುಸ್ತಕದಲ್ಲೂ ಇರಲಿ, ಮೂಲ ದಾಖಲೆಗಳು ಮನೆಯಲ್ಲೇ ಉಳಿಯಲಿ. ವಿಳಾಸ ಕೇಳಿದಾಗ ಹಾರಿಕೆಯ ಉತ್ತರ ಕೊಡುವವನ ಜೊತೆ ಕಳಿಸಬಾರದೆಂದು ಸಂಘದವರು ಒಮ್ಮತದಿಂದ ನಿಂತರೆ ಅಷ್ಟೇ ದೊಡ್ಡ ತಡೆ.

ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181, ತುರ್ತಿಗೆ 112. ಇವನ್ನು ಬ್ಯಾನರಿನಲ್ಲಿ ಬರೆದರೆ ಸಂಜೆಗೆ ಮಡಚಿಡುತ್ತಾರೆ, ಗೂಡಿನವರು ಸಾಮಾನು ಕೊಳ್ಳುವ ಅಂಗಡಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಗೂಡಿನಲ್ಲಿರುವವರು ಒಡಿಯಾ, ಹಿಂದಿ ಅಥವಾ ತೆಲುಗಿನವರಾಗಿದ್ದರೆ ಕನ್ನಡದ ಬರಹ ಅವರಿಗೆ ಉಪಯೋಗವಿಲ್ಲ. ಅವರ ಮಕ್ಕಳು ನಿಮ್ಮ ಶಾಲೆಗೆ ಬರುತ್ತಿದ್ದರೆ ಅವರಿಂದಲೇ ಕೇಳಿ ಬರೆಸಬಹುದು. ಬರುತ್ತಿಲ್ಲವಾದರೆ, ಕಾರ್ಯಕ್ರಮಕ್ಕೂ ಮೊದಲು ಆ ಮಕ್ಕಳು ಎಲ್ಲಿದ್ದಾರೆಂದು ಒಮ್ಮೆ ವಿಚಾರಿಸಿ.