ಹೂವಿನ ಪರಿಮಳಕ್ಕಾಗಿ ನಿಂಬೆ, ಮೋಸಂಬಿ, ಚಕ್ಕೋತ ನೆಟ್ಟವರು ಅನುಭವ ತಿಳಿಸಿ

ಜಲನಗರ, ವಿಜಯಪುರ (ಪ್ರಶ್ನೆ)
ನನ್ನ ತಾಯಿಯವರಿಗೆ ಎಂಬತ್ತನಾಲ್ಕು ವರ್ಷ. ದೃಷ್ಟಿ ಹೋಗಿ ಎರಡು ವರ್ಷಗಳಾದವು. ಅವರ ಕೋಣೆಯ ಕಿಟಕಿಯ ಹೊರಗೆ ಹನ್ನೆರಡು ಅಡಿ ಅಗಲದ ಖಾಲಿ ನೆಲವಿದೆ. ಹಣ್ಣು ಬರದಿದ್ದರೂ ಚಿಂತೆಯಿಲ್ಲ, ಹೂವಿನ ವಾಸನೆ ಒಳಗೆ ಬರುವಂತಹ ನಿಂಬೆಯ ಜಾತಿಯ ಒಂದು ಗಿಡವನ್ನು ಅಲ್ಲಿ ನೆಡಬೇಕೆಂದಿದ್ದೇನೆ. ಎರೆ ಮಣ್ಣು, ಕೊಳವೆಬಾವಿಯ ನೀರು. ಯಾವುದು ಬೇಗ ಹೂ ಬಿಡುತ್ತದೆ?

ನವನಗರ, ಬಾಗಲಕೋಟೆ
ಬೇಗ ಎಂಬ ಮಾತನ್ನು ಮೊದಲು ಬಿಟ್ಟುಬಿಡಿ. ನಾನು 2017ರಲ್ಲಿ 350 ರೂಪಾಯಿ ಕೊಟ್ಟು ಮೋಸಂಬಿಯ ಕಸಿ ಸಸಿ ತಂದು ನೆಟ್ಟೆ. ನಮ್ಮ ನಿವೇಶನದಲ್ಲಿ ಒಂದೂವರೆ ಅಡಿ ಅಗೆದರೆ ಬಿಳಿ ಸುಣ್ಣದ ಹರಳು ಸಿಗುತ್ತದೆ. ಆರು ತಿಂಗಳಲ್ಲಿ ಎಳೆಯ ಎಲೆಗಳೆಲ್ಲ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದವು. ಗೊಬ್ಬರದಂಗಡಿಯವರ ಮಾತು ಕೇಳಿ ಯೂರಿಯಾ ಹಾಕಿದೆ, ಪ್ರಯೋಜನವಾಗಲಿಲ್ಲ. ಸುಣ್ಣ ಹೆಚ್ಚಿರುವ ನೆಲದಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕುವುದಿಲ್ಲ ಎಂಬುದನ್ನು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು, ಅಷ್ಟರಲ್ಲಿ ಗಿಡ ಒಣಗಿತ್ತು.

2019ರಲ್ಲಿ 1,400 ರೂಪಾಯಿ ಕೂಲಿ ಕೊಟ್ಟು ಮೂರಡಿ ಗುಂಡಿ ತೋಡಿಸಿ, 2,600 ರೂಪಾಯಿಗೆ ಒಂದು ಟ್ರೇಲರ್ ಮಸಾರಿ (ಕೆಂಪು) ಮಣ್ಣು ತುಂಬಿಸಿ ಎರಡನೆಯ ಗಿಡ ನೆಟ್ಟೆ. ಆ ಮಳೆಗಾಲದಲ್ಲಿ ಬುಡಕ್ಕೆ ನೀರು ನಿಂತು, ತೊಗಟೆ ಒಡೆದು, ಅಂಟು ಸೋರಲಾರಂಭಿಸಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು ಸೇರಿಸಿ ಬೋರ್ಡೊ ಮುಲಾಮು ಬಳಿಯುವಷ್ಟರಲ್ಲಿ ಕಾಲ ಮಿಂಚಿತ್ತು. ಮೂರನೆಯದು ಗೂಟಿ ಕಟ್ಟಿದ, ಅಂದರೆ ಮರದ ಮೇಲಿರುವಾಗಲೇ ಕೊಂಬೆಗೆ ಬೇರು ಬರಿಸಿ ಮಾಡಿದ, ಚಕ್ಕೋತ. ಅದನ್ನು ಅಡಿಯೆತ್ತರದ ದಿಬ್ಬದ ಮೇಲೆ ನೆಟ್ಟೆ. ಅದು 2023ರ ಫೆಬ್ರವರಿಯಲ್ಲಿ ಹೂ ಬಿಟ್ಟಿತು. ಆವರೆಗೆ ಸಣ್ಣಪುಟ್ಟ ಖರ್ಚೂ ಸೇರಿ 9,340 ರೂಪಾಯಿ ಆಗಿದ್ದು, ಲೆಕ್ಕವನ್ನು ಬರೆದಿಟ್ಟಿದ್ದೇನೆ. ದಪ್ಪ ಬಿಳಿ ಎಸಳಿನ ಆ ಹೂ ಬೆಳಗಿನ ಜಾವ ಅರಳಿದರೆ ಬಾಗಿಲು ಹಾಕಿದ್ದರೂ ಮನೆಯೊಳಗೆ ಗೊತ್ತಾಗುತ್ತದೆ.

ಇಂಡಿ ತಾಲೂಕಿನ ನಿಂಬೆ ಬೆಳೆಗಾರ
ಪೇಟೆಯವರು ದಿನವೂ ಒಂದು ಕೊಡ ನೀರು ಸುರಿದು, ಗಿಡ ಸೊಂಪಾಗಿದೆ ಆದರೆ ಹೂವಿಲ್ಲ ಎಂದು ಕೊರಗುತ್ತಾರೆ. ನನ್ನದು ಎರಡು ಎಕರೆ ಕಾಗ್ಜಿ ನಿಂಬೆ, ಇಪ್ಪತ್ತಡಿ ಅಂತರದಲ್ಲಿ 216 ಗಿಡ. ಅಂಬೆ ಬಹಾರದ, ಅಂದರೆ ಜನವರಿ-ಫೆಬ್ರವರಿ ಹಂಗಾಮಿನ, ಹೂ ಬೇಕಾದರೆ ಡಿಸೆಂಬರ್ ತಿಂಗಳಿಡೀ ನೀರು ನಿಲ್ಲಿಸುತ್ತೇವೆ. ಎಲೆ ಮುದುರಿ ಕೆಲವು ಉದುರುವ ತನಕ ಕೈ ಕಟ್ಟಿ ಕುಳಿತು, ಜನವರಿಯಲ್ಲಿ ಮೊದಲು ಸ್ವಲ್ಪ, ಆಮೇಲೆ ಹೆಚ್ಚು ನೀರು ಕೊಟ್ಟರೆ ಮೂರು ವಾರದೊಳಗೆ ಗಿಡದ ತುಂಬ ಮೊಗ್ಗು ಕಾಣುತ್ತದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹೂ ಬಿಡುವ ಹಸ್ತ ಬಹಾರದ ಕಾಯಿ ಬೇಸಿಗೆಯಲ್ಲಿ ಬರುವುದರಿಂದ ಅದಕ್ಕೇ ಒಳ್ಳೆಯ ದರ. ಆದರೆ ನೀರು ನಿಲ್ಲಿಸಬೇಕಾದ ಹೊತ್ತಿಗೆ ಮಳೆ ಸುರಿದರೆ ಎಲ್ಲವೂ ಚಿಗುರಾಗಿ ಹೋಗುತ್ತದೆ, ಹೂ ಸಿಗುವುದಿಲ್ಲ.

2016ರ ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಟ್ಯಾಂಕರಿಗೆ 800 ರೂಪಾಯಿಯಂತೆ ಎಪ್ಪತ್ತೊಂದು ಟ್ಯಾಂಕರ್ ತರಿಸಿದೆ. ಮನೆಯವರ ಬಳೆ ಅಡವಿಟ್ಟು ತಂದ ಹಣವದು. ಆದರೂ ನಲವತ್ತು ಗಿಡ ಹೋದವು. ಇನ್ನು ಕಸಿಗೆ ದುಡ್ಡು ಕೊಡುವುದು ವ್ಯರ್ಥ. ಕಾಗ್ಜಿ ನಿಂಬೆಯ ಒಂದೇ ಬೀಜದಲ್ಲಿ ಹಲವು ಭ್ರೂಣಗಳಿದ್ದು, ಹೆಚ್ಚಿನವು ತಾಯಿಮರದ ಅಂಗಾಂಶದಿಂದಲೇ ಹುಟ್ಟುವುದರಿಂದ ಬೀಜದ ಸಸಿಯೂ ತಾಯಿಯಂತೆಯೇ ಬರುತ್ತದೆ.

ಟಿಳಕವಾಡಿ, ಬೆಳಗಾವಿ
ಕಾಕಾ ಅವರೇ, ನಿಂಬೆಗೆ ಹೊಂದುವ ಮಾತನ್ನು ಎಲ್ಲ ಗಿಡಕ್ಕೂ ಹೇಳಬೇಡಿ. ಚಕ್ಕೋತದ ಬೀಜ ಹಾಗಲ್ಲ. ನಾನು ಹಾಕಿದ ಬೀಜದ ಗಿಡ ಒಂಬತ್ತು ವರ್ಷ ಮುಳ್ಳನ್ನಷ್ಟೇ ಕೊಟ್ಟಿತು. ಕಸಿಯಲ್ಲಿಯೂ ನಾನು ನೊಂದಿದ್ದೇನೆ. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಬಂದ ಚಿಗುರನ್ನು ಸೊಗಸಾಗಿದೆಯೆಂದು ಉಳಿಸಿಕೊಂಡೆ. ಮೂರು ವರ್ಷದಲ್ಲಿ ಮೇಲಿನ ಮೋಸಂಬಿ ಸತ್ತು, ಬೇರುಗಿಡವಾದ ಜಂಬೇರಿಯೇ ಮರವಾಯಿತು. ಅದನ್ನು ನನಗೆ ಮಾರಿದ ಸಸ್ಯಪಾಲಕರು ಈ ಒಂದು ಮಾತನ್ನು ಹೇಳಿದ್ದರೆ ಸಾಕಿತ್ತು. ಈಗ 60 ರೂಪಾಯಿಯ ಕಾಮಿನಿ ಗಿಡ ನೆಟ್ಟಿದ್ದೇನೆ. ಅದೂ ನಿಂಬೆಯ ಕುಟುಂಬದ್ದೇ. ಎರಡನೆಯ ವರ್ಷದಿಂದಲೇ ಪ್ರತಿ ಮಳೆಯ ನಂತರ ಹೂ ಬಿಡುತ್ತದೆ, ರಾತ್ರಿ ಅದೇ ಪರಿಮಳ.

ಇಂಡಿ ತಾಲೂಕಿನ ನಿಂಬೆ ಬೆಳೆಗಾರ
ಅಕ್ಕನವರೇ, ವಿಜಯಪುರದವರಿಗೆ ಈ ಸಲಹೆ ಕೊಡಬೇಡಿ. ನಿಂಬೆ ಜಾತಿಯ ಗಿಡಗಳನ್ನು ಕೊಲ್ಲುವ ಗ್ರೀನಿಂಗ್ ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವ ಸಿಲ್ಲಾ ಕೀಟಕ್ಕೆ ಕಾಮಿನಿಯ ಚಿಗುರು ಬಲು ಪ್ರಿಯ. ಆ ರೋಗಕ್ಕೆ ಔಷಧಿಯಿಲ್ಲ, ಗಿಡವನ್ನೇ ಕಿತ್ತು ಸುಡಬೇಕು. ನಿಂಬೆಯಿಂದಲೇ ಅನ್ನ ಉಣ್ಣುವ ಸೀಮೆ ನಮ್ಮದು.

ಟಿಳಕವಾಡಿ, ಬೆಳಗಾವಿ
ಅದೇ ಕೀಟ ಕರಿಬೇವಿನ ಚಿಗುರಿನಲ್ಲಿಯೂ ಮೊಟ್ಟೆಯಿಡುತ್ತದೆ. ನಿಮ್ಮ ಹಿತ್ತಲಿನ ಕರಿಬೇವನ್ನು ಕಿತ್ತಿದ್ದೀರಾ? ಹತ್ತು ವರ್ಷ ಕಾದು ಬೇಸತ್ತ ಹೆಂಗಸಿನ ಒಂದು ಗಿಡದ ಮೇಲೇ ಇಷ್ಟು ಸಿಟ್ಟೇಕೆ?

ಜಮಖಂಡಿ
ಇಬ್ಬರೂ ಗಿಡಗಳ ಬಗ್ಗೆ ಜಗಳವಾಡುತ್ತಿದ್ದೀರಿ, ಜೇನಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಕಳೆದ ವರ್ಷ ನಿಂಬೆ ತೋಟದವರನ್ನು ಕೇಳಿ, ಉದುರಿದ ಹೂಗಳನ್ನು ಮೂರು ಕಿಲೋ ಆರಿಸಿ ತಂದು ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸಿದೆ. ಅರ್ಧ ಸಿಲಿಂಡರ್ ಅನಿಲ ಹೋಯಿತು. ಬಂದದ್ದು ಬೇಯಿಸಿದ ಹುಲ್ಲಿನ ವಾಸನೆಯ ನೀರು. ಹೆಸರುವಾಸಿಯಾದ ನೆರೋಲಿ ತೈಲವನ್ನು ಕಹಿ ಕಿತ್ತಳೆಯ ತಾಜಾ ಹೂಗಳಿಂದ ತೆಗೆಯುತ್ತಾರೆ, ಅದರ ಒಂದು ಕಿಲೋಗೆ ಸುಮಾರು ಒಂದು ಟನ್ ಹೂ ಬೇಕು ಎಂಬುದನ್ನು ಆಮೇಲೆ ಓದಿದೆ. ಆದರೆ ಆ ತೋಟದಲ್ಲಿ ಹೂವಿನ ಜೊತೆಗೆ ಬೊಗಸೆಗಟ್ಟಲೆ ಸತ್ತ ಜೇನುಹುಳುಗಳನ್ನೂ ಆರಿಸಿದೆ. ಹೂ ಬಿಟ್ಟಾಗ ಕೀಟನಾಶಕ ಹೊಡೆದಿದ್ದರು. ಬೆಳೆಗಾರರು ಇದಕ್ಕೆ ಉತ್ತರ ಕೊಡಬೇಕು.

ಇಂಡಿ ತಾಲೂಕಿನ ನಿಂಬೆ ಬೆಳೆಗಾರ
ಹಾಗೆ ಮಾಡುವವರಿದ್ದಾರೆ, ಇಲ್ಲವೆನ್ನುವುದಿಲ್ಲ. ನಾನು ಮೊಗ್ಗು ಒಡೆದ ಮೇಲೆ ಪಂಪನ್ನು ಮುಟ್ಟುವುದಿಲ್ಲ. ಒಬ್ಬರ ತಪ್ಪಿಗೆ ಇಡೀ ತಾಲೂಕನ್ನು ಕಟಕಟೆಗೆ ನಿಲ್ಲಿಸಬೇಡಿ.

ಜಲನಗರ, ವಿಜಯಪುರ
ಎಲ್ಲರಿಗೂ ವಂದನೆಗಳು. ನಮ್ಮ ಕೊಳವೆಬಾವಿಯ ನೀರು ಉಪ್ಪು; ಕೊಡದ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಇದಕ್ಕೆ ಯಾರೂ ಏನೂ ಹೇಳಲಿಲ್ಲ.

ನವನಗರ, ಬಾಗಲಕೋಟೆ
ಆ ನೀರನ್ನು ಗಿಡಕ್ಕೆ ಹಾಕಬೇಡಿ. ಈ ಜಾತಿಯ ಗಿಡಗಳು ಉಪ್ಪನ್ನು ತಾಳುವುದಿಲ್ಲ, ಎಲೆಯ ತುದಿ ಸುಟ್ಟು ಉದುರುತ್ತದೆ. ನಾನು ಮಾಳಿಗೆಯ ಮಳೆನೀರಿಗೆ 1,000 ಲೀಟರಿನ ಟಾಕಿ ಇಟ್ಟಿದ್ದೇನೆ. ಅದಕ್ಕೆ ಪೈಪು ಸೇರಿ 8,150 ರೂಪಾಯಿ ಬಿತ್ತು, ಮೇಲಿನ ಲೆಕ್ಕದಲ್ಲಿ ಅದು ಸೇರಿಲ್ಲ.

ಇಂಡಿ ತಾಲೂಕಿನ ನಿಂಬೆ ಬೆಳೆಗಾರ
ನಿಮ್ಮ ಗಿಡ ಹೂ ಬಿಡುವ ತನಕ ತಾಯಿಯವರನ್ನು ಕಾಯಿಸಬೇಡಿ. ಫೆಬ್ರವರಿಯ ಮೊದಲ ವಾರ, ಬಿಸಿಲೇರುವ ಮೊದಲು ನಮ್ಮ ಹೊಲಕ್ಕೆ ಕರೆತನ್ನಿ. ಕಾರು ಬಾವಿಯ ತನಕ ಬರುತ್ತದೆ, ಗಿಡಗಳ ನಡುವೆ ಹೊರಸು ಹಾಕಿಸುತ್ತೇನೆ.

ಟಿಳಕವಾಡಿ, ಬೆಳಗಾವಿ
ಖಂಡಿತ ಕರೆದೊಯ್ಯಿರಿ, ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಕಾಮಿನಿಯನ್ನು ಮಾತ್ರ ನಾನು ಕೀಳುವುದಿಲ್ಲ.