ವಿಚಾರವೇ ಮುಖ್ಯವಾದ ವಿಜ್ಞಾನ ಸಣ್ಣಕತೆಗೆ ಸಂಘರ್ಷ ಅನಿವಾರ್ಯವೇ?

ಪ್ರಶ್ನೆ:
ತಂದೆತಾಯಿಯರ ನೆನಪುಗಳು ಆಸ್ತಿಯಂತೆ ಮಕ್ಕಳಿಗೆ ವರ್ಗಾವಣೆಯಾಗುವ ಸಮಾಜವೊಂದನ್ನು ಕುರಿತು ಸಣ್ಣಕತೆ ಬರೆಯುತ್ತಿದ್ದೇನೆ. ಕಲ್ಪನೆ ಚೆನ್ನಾಗಿದೆ, ಆದರೆ ಏನೂ ನಡೆಯುವುದಿಲ್ಲ ಎಂಬುದು ಕರಡು ಓದಿದವರ ಅಭಿಪ್ರಾಯ. ನೆನಪು ಕದಿಯುವ ಖಳನೊಬ್ಬನನ್ನು ತಂದರೆ ಕತೆಗೆ ಓಟವೇನೋ ಬರುತ್ತದೆ, ಆದರೆ ಮೂಲ ವಿಚಾರ ಹಿಂದೆ ಸರಿಯುತ್ತದೆ. ಇಂಥ ಕತೆಗಳಿಗೆ ಸಂಘರ್ಷ ಬೇಕೇಬೇಕೇ?

ಉತ್ತರ 1:
ಸಂಘರ್ಷ ಬೇಕು, ಖಳ ಬೇಕಿಲ್ಲ. ಟಾಮ್ ಗಾಡ್ವಿನ್ 1954ರಲ್ಲಿ ಪ್ರಕಟಿಸಿದ ‘ದಿ ಕೋಲ್ಡ್ ಈಕ್ವೇಶನ್ಸ್’ ಕತೆಯಲ್ಲಿ, ಅಣ್ಣನನ್ನು ಕಾಣುವ ಆಸೆಯಿಂದ ಹುಡುಗಿಯೊಬ್ಬಳು ಪುಟ್ಟ ನೌಕೆಯಲ್ಲಿ ಅಡಗಿರುತ್ತಾಳೆ. ಅವಳ ತೂಕ ಹೊತ್ತು ಇಳಿಯುವಷ್ಟು ಇಂಧನ ಅದರಲ್ಲಿಲ್ಲ. ಚಾಲಕನಿಗೆ ಅವಳ ಮೇಲೆ ಕರುಣೆಯಿದೆ, ಎದುರಾಳಿಯಾಗಿ ನಿಂತಿರುವುದು ಭೌತನಿಯಮ. (ಅಷ್ಟು ಬಿಗಿಯಾಗಿ ಇಂಧನ ಅಳೆದು ಕಳಿಸಿದ ವ್ಯವಸ್ಥೆಯನ್ನು ಕತೆ ಪ್ರಶ್ನಿಸುವುದಿಲ್ಲವೆಂಬ ಹಳೆಯ ಆಕ್ಷೇಪ ನನಗೂ ನ್ಯಾಯವೆನಿಸುತ್ತದೆ.)

ಕಲ್ಪನೆಯನ್ನು ತೆಗೆದುಹಾಕಿದರೂ ಸಂಘರ್ಷ ಹಾಗೆಯೇ ಉಳಿಯುವುದಾದರೆ ಅದು ಹೊರಗಿನಿಂದ ಅಂಟಿಸಿದ್ದು. ನಿಮ್ಮ ಕಳ್ಳ ನೆನಪಿನ ಬದಲು ಒಡವೆ ಕದ್ದರೂ ಕತೆ ಬದಲಾಗದು. ಆದರೆ ತಂದೆಯ ವಾತ್ಸಲ್ಯದ ನೆನಪುಗಳ ಜೊತೆಯಲ್ಲೇ ಅವನು ತಾಯಿಗೆ ಬಗೆದ ದ್ರೋಹದ ನೆನಪೂ ಬರುತ್ತದೆ, ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವಂತಿಲ್ಲ ಎಂದು ನಿಯಮ ಮಾಡಿ ನೋಡಿ. ಆಗ ಮಗಳ ಸಂಕಟ ನಿಮ್ಮ ಕಲ್ಪನೆಯಿಂದಲೇ ಹುಟ್ಟುತ್ತದೆ.

ಉತ್ತರ 2:
ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಟೆಡ್ ಚಿಯಾಂಗ್ ಅವರ ‘ಎಕ್ಸಲೇಶನ್’ (2008) ಕತೆಯ ಯಂತ್ರದೇಹಿ ನಿರೂಪಕ ಗಾಳಿಯ ಹರಿವಿನಿಂದ ನಡೆಯುವ ತನ್ನ ಮಿದುಳನ್ನು ತಾನೇ ಬಿಚ್ಚಿ ಪರೀಕ್ಷಿಸುತ್ತಾನೆ. ತನ್ನ ಲೋಕದಲ್ಲಿ ಗಾಳಿಯ ಒತ್ತಡದ ವ್ಯತ್ಯಾಸ ಕುಗ್ಗುತ್ತಿದೆ, ಅದು ಪೂರ್ಣ ಅಳಿದಾಗ ಯೋಚನೆಯೂ ನಿಲ್ಲುತ್ತದೆ ಎಂದು ಕಂಡುಕೊಳ್ಳುತ್ತಾನೆ. ಅವನನ್ನು ತಡೆಯುವವರಿಲ್ಲ. ಓದುಗನನ್ನು ಮುಂದಕ್ಕೆ ಎಳೆಯುವುದು ಒಂದು ಅರಿವು ಇನ್ನೊಂದು ಪ್ರಶ್ನೆಗೆ ದಾರಿ ಮಾಡುವ ಕ್ರಮ. ನಿಮ್ಮ ಕರಡಿನಲ್ಲಿ ಲೋಕದ ನಿಯಮಗಳೆಲ್ಲ ಮೊದಲ ಪುಟದಲ್ಲೇ ಮುಗಿದುಹೋಗಿದ್ದರೆ, ಕೊರತೆಯಿರುವುದು ಸಂಘರ್ಷದ್ದಲ್ಲ, ಶೋಧನೆಯದ್ದು.

ಉತ್ತರ 3:
ಸಂಘರ್ಷವನ್ನು ಓದುಗನ ಪಾಲಿಗೇ ಬಿಡುವ ದಾರಿಯೂ ಇದೆ. ಉರ್ಸುಲಾ ಲೆ ಗ್ವಿನ್ 1973ರಲ್ಲಿ ಚಿತ್ರಿಸಿದ ಓಮೆಲಾಸ್ ನಗರದ ಸುಖವೆಲ್ಲ ಒಂದು ಮಗುವಿನ ಯಾತನೆಯನ್ನು ಅವಲಂಬಿಸಿದೆ. ಹೆಸರುಳ್ಳ ನಾಯಕನೇ ಇಲ್ಲದ ಆ ಕತೆಯಲ್ಲಿ ತೀರ್ಮಾನದ ಹೊರೆ ಓದುವವರ ಮೇಲೆ ಬೀಳುತ್ತದೆ. ಇದು ಚಿಕ್ಕ ಕತೆಯಲ್ಲಿ ಮಾತ್ರ ನಿಲ್ಲುವ ತಂತ್ರ.

ಪ್ರಶ್ನೆ ಕೇಳಿದವರು:
ಕಳ್ಳನನ್ನು ಕೈಬಿಟ್ಟು ಮಗಳನ್ನು ಉಳಿಸಿಕೊಳ್ಳುತ್ತೇನೆ. ಆದರೆ ತಂದೆಯ ನೆನಪುಗಳು ಬಂದ ಮೇಲೆ ಅವನನ್ನು ಕ್ಷಮಿಸುವವಳು ಮಗಳೋ, ಅವಳೊಳಗಿನ ತಂದೆಯೋ? ನಿರೂಪಣೆಯನ್ನು ಉತ್ತಮ ಪುರುಷದಲ್ಲಿ ಇಟ್ಟರೆ ಈ ಅನುಮಾನವನ್ನು ಕೊನೆಯವರೆಗೂ ಕಾಪಾಡಬಹುದೇ?